ಹೆಣದ ಮುಂದೆ ಏಳು ರಾತ್ರಿ



ಸಾವಿನ ಭಯ, ಅಮರತ್ವದ ಹಂಬಲ ಎಂಬ ವಿಷಯ ಎತ್ತಿಕೊಂಡವರು ಸಾಮಾನ್ಯವಾಗಿ ಒಂದು ಸಿದ್ಧ ಸೂತ್ರ ಹಿಡಿದು ಹೊರಡುತ್ತಾರೆ. ತಾನು ಸಾಯುತ್ತೇನೆಂದು ಮೊದಲೇ ತಿಳಿದಿರುವ ಪ್ರಾಣಿ ಮನುಷ್ಯನೊಬ್ಬನೇ. ಆ ತಿಳಿವನ್ನು ತಾಳಲಾರದೆ ಅವನು ಅಮೃತವನ್ನು, ಸ್ವರ್ಗವನ್ನು, ಕೀರ್ತಿಯನ್ನು ಕಲ್ಪಿಸಿಕೊಂಡ ಎಂಬುದು ಆ ಸೂತ್ರ. ಅಮೆರಿಕದ ಅರ್ನೆಸ್ಟ್ ಬೆಕರ್ 1973ರಲ್ಲಿ ಪ್ರಕಟಿಸಿದ ‘ದಿ ಡಿನಯಲ್ ಆಫ್ ಡೆತ್’ ಎಂಬ ಪುಸ್ತಕ ಇದನ್ನೇ ಇನ್ನಷ್ಟು ದೂರ ಎಳೆದು, ಮನುಷ್ಯನ ನಾಗರಿಕತೆಯೆಲ್ಲ ಸ್ವಂತ ಸಾವನ್ನು ಮರೆಮಾಚುವ ಉಪಾಯವೆಂದು ವಾದಿಸಿತು. ಕೇಳಲು ಇದು ಸರಿಯೆನಿಸುತ್ತದೆ. ಆದರೆ ಅಮರತ್ವದ ಹುಡುಕಾಟದ ಅತಿ ಹಳೆಯ ದೊಡ್ಡ ಕಾವ್ಯವನ್ನು ನಿಧಾನವಾಗಿ ಓದಿದರೆ ಈ ಸೂತ್ರಕ್ಕೆ ಅಲ್ಲಿ ಆಧಾರ ಸಿಗುವುದಿಲ್ಲ. ಆ ಕಾವ್ಯದ ನಾಯಕನಿಗೆ ತಾನು ಸಾಯುತ್ತೇನೆಂಬುದು ಮೊದಲಿನಿಂದಲೂ ಗೊತ್ತು; ಗೊತ್ತಿದ್ದೂ ಅವನು ಹೆದರಲಿಲ್ಲ. ಅವನನ್ನು ಹೆದರಿಸಿದ್ದು ಇನ್ನೊಬ್ಬನ ಸಾವು. ಅಮರತ್ವದ ಹುಡುಕಾಟವೆಂದು ನಾವು ಕರೆಯುವುದು ಮುಗಿಯದೆ ಉಳಿದ ಶೋಕದ ಇನ್ನೊಂದು ರೂಪ ಎಂಬುದು ಇಂದು ನಾನು ಮಂಡಿಸಲಿರುವ ವಾದ.

ಕಾವ್ಯ ಗಿಲ್ಗಮೇಶನದು. ಅವನು ಮೆಸೊಪೊಟೇಮಿಯಾದ, ಎಂದರೆ ಇಂದಿನ ದಕ್ಷಿಣ ಇರಾಕಿನ, ಉರುಕ್ ನಗರದ ಅರಸ. ಸುಮೇರಿಯನ್ನರ ರಾಜಾವಳಿ ಅವನಿಗೆ 126 ವರ್ಷಗಳ ಆಳ್ವಿಕೆಯನ್ನು ದಯಪಾಲಿಸುತ್ತದೆ. ಅವನ ಬಗೆಗಿನ ಬಿಡಿ ಕಥನಕಾವ್ಯಗಳು ಮೊದಲು ಸುಮೇರಿಯನ್ ಭಾಷೆಯಲ್ಲಿದ್ದವು. ಕ್ರಿ.ಪೂ. 18ನೇ ಶತಮಾನದ ಹೊತ್ತಿಗೆ ಬ್ಯಾಬಿಲೋನಿಯನ್ ಕವಿಯೊಬ್ಬ ಅವನ್ನು ಒಂದು ಕಥೆಯಾಗಿ ಹೆಣೆದಿದ್ದ. ಮುಂದೆ ಹಲವು ನೂರು ವರ್ಷ ಕಳೆದ ಮೇಲೆ ಸಿನ್-ಲೆಕಿ-ಉನ್ನಿನ್ನಿ ಎಂಬ ಪಂಡಿತ ಅದನ್ನು ತಿದ್ದಿ ಬೆಳೆಸಿದನೆಂದು ಪರಂಪರೆ ಹೇಳುತ್ತದೆ. ಹನ್ನೆರಡು ಮಣ್ಣಿನ ಹಲಗೆಗಳ ಈ ಪಾಠವೇ ಅಸ್ಸೀರಿಯಾದ ಅರಸ ಅಶುರ್‌ಬನಿಪಾಲನ ನಿನೆವೆಯ ಗ್ರಂಥಭಂಡಾರವನ್ನು ಸೇರಿತು. ಕ್ರಿ.ಪೂ. 612ರಲ್ಲಿ ನಿನೆವೆ ಬಿದ್ದಾಗ ಮಣ್ಣಿನಡಿ ಸೇರಿದ ಹಲಗೆಗಳು ಮೇಲೆ ಬಂದದ್ದು 19ನೇ ಶತಮಾನದ ಉತ್ಖನನದಲ್ಲಿ. 1872ರ ಡಿಸೆಂಬರ್ 3ರಂದು ಲಂಡನ್ನಿನಲ್ಲಿ ಜಾರ್ಜ್ ಸ್ಮಿತ್ ಹನ್ನೊಂದನೆಯ ಹಲಗೆಯ ಪ್ರಳಯದ ಕಥೆಯನ್ನು ಓದಿ ಹೇಳಿದಾಗ, ಸಭೆಯಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ ಕೂಡ ಇದ್ದರು. ಬೈಬಲ್ಲಿನ ನೋವನ ಕಥೆಗೆ ಹೋಲಿಕೆ ಸಿಕ್ಕಿತೆಂದು ಜನ ರೋಮಾಂಚಿತರಾದರು. ಒಬ್ಬ ಗೆಳೆಯನ ಸಾವಿನ ಸುತ್ತ ಕಟ್ಟಿದ ಕಾವ್ಯವನ್ನು ಹೊರಜಗತ್ತು ಮೊದಲು ಕಂಡದ್ದು ಜಲಪ್ರಳಯದ ದಾಖಲೆಯಾಗಿ. ಅದರ ನಡುವಿನ ದುಃಖದತ್ತ ವಿದ್ವಾಂಸರ ಗಮನ ಹರಿಯಲು ಇನ್ನಷ್ಟು ಕಾಲ ಹಿಡಿಯಿತು.

ಕಥೆಯ ಮೊದಲರ್ಧದಲ್ಲಿ ಗಿಲ್ಗಮೇಶನಿಗೂ ಸಾವಿಗೂ ಇರುವ ಸಂಬಂಧ ನೋಡಿ. ಸುಮೇರಿಯನ್ ಪಾಠದಲ್ಲಿ ಅವನು ಊರಿನ ಕೋಟೆಗೋಡೆಯ ಮೇಲಿಂದ ಬಗ್ಗಿ ನೋಡುತ್ತಾನೆ; ಕೆಳಗೆ ಹೊಳೆಯಲ್ಲಿ ಹೆಣಗಳು ತೇಲಿಹೋಗುತ್ತಿವೆ. ತನ್ನ ಗತಿಯೂ ಅಷ್ಟೇ ಎಂದುಕೊಳ್ಳುತ್ತಾನೆ. ಹಾಗೆಂದುಕೊಂಡು ಅವನು ಹಾಸಿಗೆ ಹಿಡಿಯುವುದಿಲ್ಲ. ಹೇಗೂ ಸಾಯುವವನು ಹೆಸರಾದರೂ ನಿಲ್ಲಿಸಿ ಸಾಯುತ್ತೇನೆಂದು ದೇವದಾರು ಕಾಡಿನ ಕಾವಲುಗಾರ ಹುವಾವನನ್ನು ಎದುರಿಸಲು ಹೊರಡುತ್ತಾನೆ. ಹಳೆಯ ಬ್ಯಾಬಿಲೋನಿಯನ್ ಪಾಠದಲ್ಲೂ ಇದೇ ತರ್ಕವಿದೆ. ಹಿಂಜರಿಯುವ ಗೆಳೆಯ ಎಂಕಿಡುವಿಗೆ ಅವನು ಬುದ್ಧಿ ಹೇಳುತ್ತಾನೆ: ದೇವತೆಗಳಿಗೆ ಮಾತ್ರ ಕೊನೆಯಿಲ್ಲ, ಮನುಷ್ಯನ ದಿನಗಳು ಎಣಿಸಿದಷ್ಟೇ, ಹೋರಾಡುತ್ತ ಬಿದ್ದರೆ ಹೆಸರು ಉಳಿಯುತ್ತದೆ. ಮರಣ ನಿಶ್ಚಿತವೆಂಬ ಅರಿವು ಇಲ್ಲಿ ಪುಕ್ಕಲುತನದ ಬೀಜವಾಗಿಲ್ಲ, ಸಾಹಸದ ಇಂಧನವಾಗಿದೆ. ಸೂತ್ರ ನಿಜವಾಗಿದ್ದರೆ ಅಮೃತದ ಹುಡುಕಾಟ ಇಲ್ಲಿಂದಲೇ ಶುರುವಾಗಬೇಕಿತ್ತು. ಶುರುವಾಗಲಿಲ್ಲ.

ಆಮೇಲೆ ಎಂಕಿಡು ಸಾಯುತ್ತಾನೆ. ಗಿಲ್ಗಮೇಶನಿಗೆ ಸರಿಸಾಟಿಯಾಗಿರಲೆಂದೇ ದೇವತೆಗಳು ಮಣ್ಣಿನಿಂದ ಮಾಡಿದವನು ಅವನು. ಹುಂಬಾಬನನ್ನೂ (ಹುವಾವನ ಬ್ಯಾಬಿಲೋನಿಯನ್ ಹೆಸರು) ಸ್ವರ್ಗದ ಗೂಳಿಯನ್ನೂ ಕೊಂದ ತಪ್ಪಿಗೆ ಇಬ್ಬರಲ್ಲಿ ಒಬ್ಬ ಸಾಯಬೇಕೆಂದು ದೇವತೆಗಳ ತೀರ್ಮಾನವಾಗುತ್ತದೆ. ಎಂಕಿಡು ಹನ್ನೆರಡು ದಿನ ಕಾಯಿಲೆಯಲ್ಲಿ ನರಳಿ, ಯುದ್ಧದಲ್ಲಿ ಬಿದ್ದಿದ್ದರೆ ಹೆಸರಾದರೂ ಇರುತ್ತಿತ್ತು ಎಂದು ಕೊರಗುತ್ತ ಪ್ರಾಣ ಬಿಡುತ್ತಾನೆ. ಕೀರ್ತಿಯ ಲೆಕ್ಕಾಚಾರ ಅಲ್ಲಿಗೆ ಮುರಿದು ಬಿತ್ತು. ಗಿಲ್ಗಮೇಶ ಗೆಳೆಯನ ಮುಖಕ್ಕೆ ಮದುಮಗಳಿಗೆ ಹೊದಿಸುವಂತೆ ಮುಸುಕು ಹೊದಿಸುತ್ತಾನೆ. ಮರಿ ಕಳೆದುಕೊಂಡ ಸಿಂಹಿಣಿಯ ಹಾಗೆ ಹೆಣದ ಸುತ್ತ ಶತಪಥ ಹಾಕುತ್ತಾನೆ. ಎಂಟನೆಯ ಹಲಗೆಯಲ್ಲಿ ಅರಸೊತ್ತಿಗೆಗೆ ತಕ್ಕ ವೈಭವದ ಶವಸಂಸ್ಕಾರವಿದೆ: ಕಮ್ಮಾರರನ್ನು ಅಕ್ಕಸಾಲಿಗರನ್ನು ಕರೆಸಿ ಗೆಳೆಯನ ಪ್ರತಿಮೆ ಮಾಡಿಸುವುದು, ಪಾತಾಳದ ದೇವತೆಗಳಿಗೆ ಕಾಣಿಕೆ ಇಡುವುದು, ಎಲ್ಲವೂ. ಆದರೆ ಮುಂದೆ ಅಲೆದಾಟದಲ್ಲಿ ತನ್ನ ಕಥೆ ಹೇಳಿಕೊಳ್ಳುವಾಗ ಅವನು ಈ ವೈಭವದ ಮಾತೆತ್ತುವುದಿಲ್ಲ. ಹೆಂಡ ಮಾರುವ ಸಿದುರಿಗೆ, ಅಂಬಿಗ ಉರ್ಷನಬಿಗೆ, ಚಿರಂಜೀವಿ ಉತ್ನಪಿಷ್ಟಿಮನಿಗೆ, ಹೀಗೆ ಮೂರು ಸಲ ಅವನು ಹೇಳುವುದು ಒಂದೇ ವಿಷಯ: ಆರು ಹಗಲು ಏಳು ರಾತ್ರಿ ಹೆಣವನ್ನು ಮಣ್ಣಿಗೆ ಬಿಟ್ಟುಕೊಡದೆ ಅತ್ತದ್ದು, ಕೊನೆಗೆ ಮೂಗಿನಿಂದ ಹುಳು ಉದುರಿದ್ದು, ಆಗ ಭಯ ಹೊಕ್ಕದ್ದು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಗೆಳೆಯನ ಸಾವು ಬರೀ ನೆಪವಲ್ಲವೆ? ನಾನೂ ಹೀಗೇ ಮಲಗಬೇಕಲ್ಲ ಎಂದು ಗಿಲ್ಗಮೇಶನೇ ಹಲುಬುತ್ತಾನೆ. ಕೊನೆಗೂ ಅದು ಸ್ವಂತ ಸಾವಿನ ಭಯವೇ ಆಯಿತಲ್ಲ? ಹೌದು, ಅವನು ಹೆದರಿದ್ದು ತನಗಾಗಿಯೇ. ಆದರೆ ಹೊಳೆಯಲ್ಲಿ ತೇಲಿದ ಹೆಣಗಳೂ ಅದೇ ಸಂಗತಿಯನ್ನು ತಿಳಿಸಿದ್ದವು. ಅವು ಯಾರದೋ ಹೆಣಗಳು. ತನ್ನ ಹೆಣವನ್ನು ಯಾರೂ ಕಾಣಲಾರರು; ತನ್ನ ಸರಿಸಾಟಿಯ ಹೆಣದಲ್ಲಿ ಮಾತ್ರ ಅದನ್ನು ಕಾಣಬಹುದು. ಸರಿಸಾಟಿ ಎಂದು ಮನಸ್ಸು ಒಪ್ಪುವುದು ಪ್ರೀತಿಸಿದವರನ್ನು. ಹಾಗಾಗಿ ಭಯಕ್ಕೆ ದಾರಿ ತೆರೆದದ್ದು ಅಕ್ಕರೆ. ಈ ಓದಿಗೆ ಕಾವ್ಯದಲ್ಲೇ ಇನ್ನೊಂದು ಸಾಕ್ಷ್ಯವಿದೆ. ಎಂಕಿಡು ಸಾಯುವ ಮೊದಲೇ ಸೂರ್ಯದೇವ ಶಮಶ್ ಅವನಿಗೆ ಸಮಾಧಾನ ಹೇಳುತ್ತಾನೆ: ನೀನು ಹೋದ ಮೇಲೆ ಗಿಲ್ಗಮೇಶ ಕೂದಲು ಜಡೆಗಟ್ಟಿಸಿಕೊಂಡು, ಸಿಂಹದ ತೊಗಲು ಹೊದ್ದು ಕಾಡು ಸುತ್ತುತ್ತಾನೆ ಎಂದು. ಅಮರತ್ವದ ಯಾತ್ರೆಯೆಂದು ನಾವು ಕೊಂಡಾಡುವ ಅಲೆದಾಟವನ್ನು ಕಾವ್ಯ ಮುಂಗಡವಾಗಿಯೇ ಶೋಕಾಚರಣೆಯ ಖಾತೆಗೆ ಹಾಕಿಬಿಟ್ಟಿದೆ. ಅಮರತ್ವ ಎಂಬ ಗುರಿ ಆ ಅಲೆದಾಟಕ್ಕೆ ಆಮೇಲೆ ಬಂದು ಕೂಡಿಕೊಂಡದ್ದು.

ಹನ್ನೊಂದನೆಯ ಹಲಗೆಯ ರೊಟ್ಟಿಗಳ ಪ್ರಸಂಗವನ್ನು ಈ ಬೆಳಕಿನಲ್ಲಿ ಓದಬೇಕು. ಪ್ರಳಯದಲ್ಲಿ ಉಳಿದು ಹೆಂಡತಿಯೊಡನೆ ಅಮರನಾದ ಉತ್ನಪಿಷ್ಟಿಮ್ ಅತಿಥಿಗೆ ಪಂಥ ಒಡ್ಡುತ್ತಾನೆ: ಸಾವನ್ನು ಗೆಲ್ಲಲು ಬಂದವನು ಮೊದಲು ಆರು ಹಗಲು ಏಳು ರಾತ್ರಿ ನಿದ್ದೆ ಗೆಲ್ಲು. ಗಿಲ್ಗಮೇಶ ಕುಕ್ಕರಗಾಲಲ್ಲಿ ಕೂತದ್ದೇ ತಡ, ನಿದ್ದೆ ಮಂಜಿನಂತೆ ಕವಿಯುತ್ತದೆ. ಎದ್ದ ಮೇಲೆ ಇವನು ಖಂಡಿತ ಸುಳ್ಳು ಹೇಳುತ್ತಾನೆಂದು ಬಲ್ಲ ಮುದುಕ, ದಿನಕ್ಕೊಂದು ರೊಟ್ಟಿ ಸುಟ್ಟು ಅವನ ತಲೆಯ ಬಳಿ ಇಡಲು, ಗೋಡೆಯ ಮೇಲೆ ದಿನದ ಗುರುತು ಹಾಕಲು ಹೆಂಡತಿಗೆ ಹೇಳುತ್ತಾನೆ. ಏಳನೆಯ ದಿನ ಮೈಮುಟ್ಟಿ ಎಬ್ಬಿಸಿದಾಗ ಗಿಲ್ಗಮೇಶ ಈಗಷ್ಟೇ ಕಣ್ಣು ಹತ್ತಿತ್ತು ಎನ್ನುತ್ತಾನೆ. ರೊಟ್ಟಿ ಎಣಿಸು ಎನ್ನುತ್ತಾನೆ ಮುದುಕ. ಮೊದಲನೆಯದು ಒಣಗಿ ಸೆಟೆದಿದೆ, ಎರಡನೆಯದು ಚಕ್ಕಳದಂತಾಗಿದೆ, ಮೂರನೆಯದು ಹಸಿಹಸಿಯಾಗಿದೆ, ನಾಲ್ಕನೆಯದು ಬೆಳ್ಳಗೆ ತಿರುಗಿದೆ, ಐದನೆಯದಕ್ಕೆ ಬೂಷ್ಟು ಹಿಡಿದಿದೆ, ಆರನೆಯದು ಈಗತಾನೆ ಇಳಿಸಿದ್ದು, ಏಳನೆಯದು ಇನ್ನೂ ಕೆಂಡದ ಮೇಲಿದೆ. ನಿದ್ದೆ ಗೆಲ್ಲಲಾಗದವನು ಸಾವು ಗೆಲ್ಲುವನೆ ಎಂಬಲ್ಲಿಗೆ ಎಷ್ಟೋ ಓದುಗರು ನಿಲ್ಲಿಸಿಬಿಡುತ್ತಾರೆ. ಬರೀ ಅಷ್ಟು ಹೇಳಬೇಕಿದ್ದರೆ ಗೋಡೆಯ ಗುರುತೇ ಸಾಕಿತ್ತು. ಕವಿಗೆ ಕೊಳೆಯುವ ವಸ್ತು ಬೇಕಿತ್ತು. ಆರು ಹಗಲು ಏಳು ರಾತ್ರಿಯ ಅದೇ ಅವಧಿಯೂ ಬೇಕಿತ್ತು. ಅಂದು ಅಲುಗದೆ ಮಲಗಿದ್ದವನು ಎಂಕಿಡು, ಪಕ್ಕದಲ್ಲಿ ಕೂತು ಕಾದವನು ಗಿಲ್ಗಮೇಶ. ಇಂದು ಮಲಗಿದವನು ಗಿಲ್ಗಮೇಶ, ಕಾದವರು ಬೇರೆ. ಕೊಳೆತದ ಲೆಕ್ಕ ಮಾತ್ರ ಮೈಯಿಂದ ರೊಟ್ಟಿಗೆ ದಾಟಿದೆ. ಮೆಸೊಪೊಟೇಮಿಯಾದ ಸಾಹಿತ್ಯದಲ್ಲಿ ಇದಕ್ಕಿಂತ ನಿರ್ದಯವಾದ, ಇದಕ್ಕಿಂತ ಕರುಣೆಯ ಜಾಗ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಎದ್ದ ಗಿಲ್ಗಮೇಶ, ನನ್ನ ಮಲಗುವ ಕೋಣೆಯಲ್ಲೇ ಸಾವು ಕೂತಿದೆ ಎಂದು ಒಪ್ಪಿಕೊಳ್ಳುತ್ತಾನೆ.

ಆ ಕೂಡಲೇ ಉತ್ನಪಿಷ್ಟಿಮ್ ಮಾಡುವ ಏರ್ಪಾಡು ನಮ್ಮ ಊರುಮನೆಯವರಿಗೆ ಬಿಡಿಸಿ ಹೇಳಬೇಕಾದದ್ದಲ್ಲ. ಇವನನ್ನು ಕರೆದೊಯ್ದು ಮೀಯಿಸು, ಜಡೆಗಟ್ಟಿದ ಕೂದಲು ತೊಳೆಸು, ಮೈಮೇಲಿನ ತೊಗಲುಗಳನ್ನು ಸಮುದ್ರಕ್ಕೆ ಎಸೆ, ಹೊಸ ಬಟ್ಟೆ ಉಡಿಸು ಎಂದು ಅಂಬಿಗನಿಗೆ ಅಪ್ಪಣೆಯಾಗುತ್ತದೆ. ಇದು ಸೂತಕ ಕಳೆಯುವ ಸ್ನಾನ. ಶಮಶ್ ಮುನ್ನುಡಿದಿದ್ದ ಜಡೆ, ತೊಗಲು ಎರಡೂ ಇಲ್ಲಿ ಕಳಚಿ ಬೀಳುತ್ತವೆ. ಹಾಗಾದರೆ ಅನಂತರ ಬರುವ ಗಿಡದ ಕಥೆ ಏಕೆ, ಶೋಕ ಮುಗಿದ ಮೇಲೂ ಆಸೆ ಉಳಿಯಿತಲ್ಲ ಎಂದು ಕೇಳಬಹುದು. ಉಳಿದ ಆಸೆಯ ಬಣ್ಣ ಬೇರೆ. ನೀರಿನಡಿಯ ಆ ಮುಳ್ಳುಗಿಡ ಅಮರತ್ವ ಕೊಡುವುದಿಲ್ಲ, ಮುದುಕನನ್ನು ಹರೆಯದವನನ್ನಾಗಿಸುತ್ತದೆ. ಸಿಕ್ಕ ತಕ್ಷಣ ಅವನು ಅದನ್ನು ಬಾಯಿಗೆ ಹಾಕಿಕೊಳ್ಳುವುದಿಲ್ಲ. ಊರಿಗೆ ಒಯ್ದು ಮೊದಲು ಒಬ್ಬ ಮುದುಕನಿಗೆ ತಿನ್ನಿಸಿ ನೋಡುತ್ತೇನೆ ಎನ್ನುತ್ತಾನೆ. ಭಯದಿಂದ ಬೆನ್ನಟ್ಟಿಸಿಕೊಂಡವನ ಮಾತಲ್ಲ ಇದು, ಊರಿನ ನೆನಪಾದವನ ಮಾತು. ದಾರಿಯಲ್ಲಿ ತಣ್ಣನೆಯ ಕೊಳದಲ್ಲಿ ಮೀಯುವಾಗ ಹಾವು ಗಿಡ ಕದ್ದು, ಹೋಗುತ್ತ ಪೊರೆ ಬಿಡುತ್ತದೆ. ಗಿಲ್ಗಮೇಶ ಕೂತು ಅಳುತ್ತಾನೆ. ಯಾರಿಗಾಗಿ ಈ ತೋಳು ದುಡಿದವು ಎಂಬ ಆ ಅಳುವಿನಲ್ಲಿ ಎಂಕಿಡುವಿನ ಹೆಸರಿಲ್ಲ.

ಇಷ್ಟೆಲ್ಲ ಹಿಂಡುವುದೇಕೆ, ಸಾವನ್ನು ಒಪ್ಪಿಕೊಂಡು ಇದ್ದಷ್ಟು ದಿನ ಸುಖವಾಗಿರು ಎಂಬುದೇ ಕಾವ್ಯದ ಸಂದೇಶವಲ್ಲವೆ ಎನ್ನುವವರು ಸಿದುರಿಯ ಹಿತವಚನವನ್ನು ಮುಂದಿಡುತ್ತಾರೆ. ಹೊಟ್ಟೆ ತುಂಬ ಉಣ್ಣು, ಕುಣಿ, ಶುಭ್ರ ಬಟ್ಟೆ ಉಡು, ಕೈಹಿಡಿದ ಮಗುವನ್ನು ನೋಡು, ಹೆಂಡತಿಯನ್ನು ಸುಖವಾಗಿಡು ಎಂಬರ್ಥದ ಆ ಮಾತು ನಿಜಕ್ಕೂ ಸೊಗಸಾಗಿದೆ. ಆದರೆ ಅದು ಇರುವುದು ಹಳೆಯ ಬ್ಯಾಬಿಲೋನಿಯನ್ ಹಲಗೆಯೊಂದರಲ್ಲಿ. ಹನ್ನೆರಡು ಹಲಗೆಗಳ ಪಾಠದಲ್ಲಿ ಸಿದುರಿ ಈ ಉಪದೇಶ ಮಾಡುವುದಿಲ್ಲ. ಪರಿಷ್ಕರಿಸಿದ ಕವಿ ಕಾವ್ಯದ ಅತ್ಯಂತ ಸುಲಭದ ಸಮಾಧಾನವನ್ನು ಕೈಬಿಟ್ಟ. ಹಳೆಯ ಪಾಠದಲ್ಲೂ ಗಿಲ್ಗಮೇಶ ಅದಕ್ಕೆ ಕಿವಿಗೊಡುವುದಿಲ್ಲ. ಶೋಕದಲ್ಲಿರುವವನಿಗೆ ಹಬ್ಬದೂಟದ ಸಲಹೆ ತಟ್ಟದು. ಕೊನೆಯಲ್ಲಿ ಬರುವ ಉರುಕ್‌ನ ಕೋಟೆಗೋಡೆಯೇ ಉತ್ತರ, ಮನುಷ್ಯ ಕೃತಿಯಲ್ಲಿ ಬದುಕುತ್ತಾನೆ ಎಂಬ ಇನ್ನೊಂದು ಜನಪ್ರಿಯ ಓದಿದೆ. ಅದನ್ನೂ ನಾನು ಒಪ್ಪಲಾರೆ. ಕೀರ್ತಿ ಅವನ ಮೊದಲ ಉತ್ತರವಾಗಿತ್ತು, ಎಂಕಿಡುವಿನ ಹಾಸಿಗೆಯ ಬಳಿ ಅದು ಸೋತಿತ್ತು. ಗೋಡೆಯ ಅಡಿಪಾಯ ಹಾಕಿದವರು ಏಳು ಋಷಿಗಳೆಂದು ಕಾವ್ಯವೇ ಹೇಳುವುದರಿಂದ ಅದು ಪೂರ್ತಿ ಅವನ ಕೃತಿಯೂ ಅಲ್ಲ. ಅಂಬಿಗನಿಗೆ ಇಟ್ಟಿಗೆ, ಖರ್ಜೂರದ ತೋಟ, ಮಣ್ಣಿನ ಗುಂಡಿ, ಇಷ್ಟಾರಳ ಗುಡಿ ಎಂದು ತೋರಿಸುತ್ತ ನಡೆಯುವಾಗ ಗಿಲ್ಗಮೇಶ ಮಾಡುತ್ತಿರುವುದು ಊರಿಗೆ ಮರಳಿದವನ ಸಹಜ ಕೆಲಸ.

ಒಂದೇ ಕಾವ್ಯದಿಂದ ಇಷ್ಟು ದೊಡ್ಡ ಮಾತು ಹೇಳಬಹುದೆ? ನಮ್ಮ ಪುರಾಣಗಳತ್ತ ಒಮ್ಮೆ ನೋಡೋಣ. ಅಮರತ್ವ ಬೇಡಿದವರಲ್ಲಿ ನಮಗೆ ಮೊದಲು ನೆನಪಾಗುವವನು ಹಿರಣ್ಯಕಶಿಪು. ಅವನು ತಪಸ್ಸಿಗೆ ಕೂತದ್ದು ಯಾವಾಗ? ಭಾಗವತದ ಏಳನೆಯ ಸ್ಕಂಧದ ಪ್ರಕಾರ, ಸೋದರ ಹಿರಣ್ಯಾಕ್ಷ ವರಾಹನಿಂದ ಹತನಾದ ಮೇಲೆ. ಅವನು ಸೋದರನಿಗೆ ತರ್ಪಣ ಬಿಟ್ಟು, ತಾಯಿ ದಿತಿಗೂ ಹಿರಣ್ಯಾಕ್ಷನ ಹೆಂಡತಿ ಮಕ್ಕಳಿಗೂ ಆತ್ಮ ಸಾಯುವುದಿಲ್ಲವೆಂದು ಉದ್ದನೆಯ ವೇದಾಂತ ಹೇಳುತ್ತಾನೆ. ಅದರಲ್ಲೊಂದು ಉಪಕಥೆಯೂ ಇದೆ. ಉಶೀನರದ ಅರಸ ಸುಯಜ್ಞ ಯುದ್ಧದಲ್ಲಿ ಸತ್ತಾಗ ರಾಣಿಯರು ಹೆಣ ತಬ್ಬಿಕೊಂಡು ಸಂಸ್ಕಾರಕ್ಕೆ ಬಿಡುವುದಿಲ್ಲ, ಹೊತ್ತು ಮುಳುಗುತ್ತದೆ, ಯಮನೇ ಹುಡುಗನ ವೇಷದಲ್ಲಿ ಬಂದು ಅವರನ್ನು ಸಂತೈಸುತ್ತಾನೆ. ಬಿಟ್ಟುಕೊಡದ ಹೆಣ, ಮುಳುಗಿದ ಹೊತ್ತು: ಉರುಕ್‌ನಿಂದ ನಾವು ಬಹಳ ದೂರ ಬಂದಿಲ್ಲ. ಇಷ್ಟು ಚೆನ್ನಾಗಿ ಬೇರೆಯವರಿಗೆ ಹೇಳಿದವನು ಮುಂದಿನ ಅಧ್ಯಾಯದಲ್ಲೇ ಅಜರಾಮರನಾಗಬೇಕೆಂದು ಮಂದರದ ಕಣಿವೆಗೆ ಹೋಗಿ ಉಗ್ರ ತಪಸ್ಸಿಗೆ ನಿಲ್ಲುತ್ತಾನೆ. ಅವನ ವೇದಾಂತ ಅವನ ಬಾಯಿಂದ ಅವನ ಕಿವಿಗೇ ತಲುಪಿರಲಿಲ್ಲ. ಇದಕ್ಕೆ ತದ್ವಿರುದ್ಧ ಮಾದರಿ ಆದಿಪರ್ವದ ರುರು. ಮದುವೆಗೆ ಮುಂಚೆ ಹಾವು ಕಚ್ಚಿ ಪ್ರಮದ್ವರೆ ಸತ್ತಾಗ ಅವನು ತನಗೆ ಹೆಚ್ಚು ಆಯುಸ್ಸು ಬೇಡುವುದಿಲ್ಲ, ಇದ್ದ ಆಯುಸ್ಸಿನಲ್ಲಿ ಅರ್ಧ ಕೊಟ್ಟು ಅವಳನ್ನು ಎಬ್ಬಿಸುತ್ತಾನೆ. ಅವಳು ಎದ್ದು ಬಂದ ಮೇಲೂ ಕಂಡ ಕಂಡ ಹಾವನ್ನು ಬಡಿಯುತ್ತ ತಿರುಗುತ್ತಾನೆ. ಶೋಕದ ಶೇಷ ಎಷ್ಟು ಮೊಂಡು ಎಂಬುದನ್ನು ವ್ಯಾಸರು ಬಲ್ಲರು.

ಈ ವಾದಕ್ಕೆ ಹೊರಗಿನ ಕಥೆಗಳೂ ಉಂಟು. ಮೆಸೊಪೊಟೇಮಿಯಾದ್ದೇ ಅದಪನ ಕಥೆಯಲ್ಲಿ ಶೋಕದ ಮಾತೇ ಇಲ್ಲ. ಇಯ ದೇವತೆಯ ಸಲಹೆ ನಂಬಿ ಅವನು ಅಮರತ್ವದ ಅನ್ನ ನೀರನ್ನು ಬೇಡವೆನ್ನುತ್ತಾನೆ. ಅವನು ಅಮರತ್ವವನ್ನು ಹುಡುಕಿಯೂ ಇರಲಿಲ್ಲ. ಮನುಷ್ಯರೆಲ್ಲ ಅಮರರಾದರೆ ನನ್ನ ಪಾಲೇನು ಎಂದು ಮೃತ್ಯು ದೇವತೆಗಳ ಮುಂದೆ ಅಹವಾಲು ಹೇಳಿ, ಇನ್ನು ಮುಂದೆ ಶರೀರದೊಡನೆ ಯಾರೂ ಅಮರರಾಗರೆಂಬ ತೀರ್ಪು ಪಡೆಯುವ ಶತಪಥ ಬ್ರಾಹ್ಮಣದ ಪ್ರಸಂಗವೂ ಹಂಚಿಕೆಯ ಕಥೆ, ಹುಡುಕಾಟದ್ದಲ್ಲ. ಯಯಾತಿ ಹೆದರಿದ್ದು ಮುಪ್ಪಿಗೆ, ಬೇಡಿದ್ದು ಯೌವನವನ್ನು, ಅದನ್ನೂ ಪೂರುವಿಗೆ ಹಿಂತಿರುಗಿಸಿದ. ಇವರೆಲ್ಲರಿಗಿಂತ ಕಷ್ಟದ ಸಾಕ್ಷಿ ಕಠೋಪನಿಷತ್ತಿನ ನಚಿಕೇತ. ಅವನಿಗೆ ಯಾರೂ ಸತ್ತಿಲ್ಲ, ಆದರೂ ಯಮನ ಬಾಗಿಲಲ್ಲಿ ಕೂತು ಸತ್ತವನ ಗತಿಯೇನೆಂದು ಕೇಳುತ್ತಾನೆ. ಗಮನಿಸಿ: ಯಾರನ್ನೂ ಕಳೆದುಕೊಳ್ಳದ ಆ ಹುಡುಗನಿಗೆ ಭಯವೂ ಇಲ್ಲ. ಬಯಸಿದಷ್ಟು ವರ್ಷ ಬದುಕು ಎಂಬ ಆಮಿಷವನ್ನು ಅವನು ನಿರಾಯಾಸವಾಗಿ ತಳ್ಳಿಬಿಡುತ್ತಾನೆ. ಮೂರು ರಾತ್ರಿ ಉಪವಾಸ ಕೂತವನು ಅವನು; ಏಳು ರಾತ್ರಿ ಹೆಣ ಕಾದವನಲ್ಲ.

ಇನ್ನು ಗಿಲ್ಗಮೇಶನ ಕಾವ್ಯದ ಹನ್ನೆರಡನೆಯ ಹಲಗೆ. ಕಥೆ ಹನ್ನೊಂದಕ್ಕೇ ಮುಗಿದಿದೆ; ಏಳನೆಯದರಲ್ಲಿ ಸತ್ತ ಎಂಕಿಡು ಇಲ್ಲಿ ಮತ್ತೆ ಬದುಕಿದ್ದಾನೆ. ಇದು ಸುಮೇರಿಯನ್ ಕಾವ್ಯವೊಂದರ ಉತ್ತರಾರ್ಧದ ಅನುವಾದ, ಕಥೆಗೆ ಹೊಂದದ ಅನುಬಂಧ ಎಂದು ವಿದ್ವಾಂಸರು ಬದಿಗಿಡುತ್ತಾರೆ. ಕಥೆಗೆ ಹೊಂದುವುದಿಲ್ಲ ನಿಜ, ಆದರೆ ಅದು ಎತ್ತುವ ಪ್ರಶ್ನೆ ಹೊಂದುತ್ತದೆ. ಪಾತಾಳಕ್ಕೆ ಹೋಗಿ ಸಿಕ್ಕಿಬಿದ್ದ ಎಂಕಿಡುವಿನ ಪ್ರೇತ ಮೇಲೆ ಬಂದಾಗ ಗಿಲ್ಗಮೇಶ ಅವನನ್ನು ಅಮರತ್ವದ ಬಗ್ಗೆ ಕೇಳುವುದಿಲ್ಲ. ಸತ್ತವರು ಅಲ್ಲಿ ಹೇಗಿದ್ದಾರೆ ಎಂದು ಒಬ್ಬೊಬ್ಬರನ್ನಾಗಿ ಹೆಸರಿಸಿ ಕೇಳುತ್ತಾನೆ. ಒಬ್ಬನೇ ಮಗನಿದ್ದವನು ಅಳುತ್ತಿದ್ದಾನೆ, ಮಕ್ಕಳು ಹೆಚ್ಚಿದಷ್ಟೂ ಸತ್ತವರ ಸ್ಥಿತಿ ಮೇಲು. ಯಾರ ಪ್ರೇತಕ್ಕೆ ಎಡೆ ಇಡುವವರಿಲ್ಲವೋ ಅವನು ಮಡಕೆಯ ತಳ ಕೆರೆದದ್ದನ್ನು, ಬೀದಿಗೆ ಎಸೆದ ರೊಟ್ಟಿಯ ಚೂರನ್ನು ತಿನ್ನುತ್ತಾನೆ. ಮೆಸೊಪೊಟೇಮಿಯಾದ ಮನೆಗಳಲ್ಲಿ ಸತ್ತ ಹಿರಿಯರ ಹೆಸರು ಹೇಳಿ ಅನ್ನ ನೀರು ಇಡುವ ‘ಕಿಸ್ಪು’ ಎಂಬ ಆಚರಣೆಯಿತ್ತು. ಪಿತೃಪಕ್ಷದ ಎಡೆ ಕಂಡವರಿಗೆ ಅದರ ಅರ್ಥ ಬೇರೆ ಹೇಳಬೇಕಿಲ್ಲ. ಅಲ್ಲಿನ ಸಾಮಾನ್ಯ ಜನ ಹೆದರುತ್ತಿದ್ದದ್ದು ಸತ್ತ ಮೇಲೆ ತಮ್ಮನ್ನು ನೋಡಿಕೊಳ್ಳುವವರು ಇಲ್ಲವಾದಾರೆಂದು. ಅಮೃತ ಹುಡುಕುವ ಪುರುಸೊತ್ತು ಅರಸರಿಗಿತ್ತು. ಉಳಿದವರು ಎಡೆ ಇಟ್ಟರು.

ಅರಸರಿಗೂ ಈ ಎರಡನೆಯ ಭಯ ತಪ್ಪಲಿಲ್ಲ ಎನ್ನಲು ಒಂದು ಪುರಾವೆ ಉಳಿದಿದೆ. ಕ್ರಿ.ಪೂ. 705ರಲ್ಲಿ ಅಸ್ಸೀರಿಯಾದ ಚಕ್ರವರ್ತಿ ಎರಡನೆಯ ಸಾರ್ಗಾನ್ ಇಂದಿನ ಟರ್ಕಿಯ ತಬಾಲ್ ಪ್ರದೇಶದ ಯುದ್ಧದಲ್ಲಿ ಸತ್ತ. ಅವನ ಹೆಣ ಸಿಗಲಿಲ್ಲ, ಸಂಸ್ಕಾರವಾಗಲಿಲ್ಲ. ಅಪ್ಪ ಮಾಡಿದ ಯಾವ ಪಾಪಕ್ಕೆ ಈ ಗತಿ ಬಂತೆಂದು ಮಗ ಸೆನ್ನಾಖೆರಿಬ್ ಶಕುನ ಕೇಳಿಸಿದನೆಂದು ಒಂದು ಅಸ್ಸೀರಿಯನ್ ಬರಹ ಹೇಳುತ್ತದೆ. ಅಪ್ಪ ಕಟ್ಟಿಸಿದ ಹೊಸ ರಾಜಧಾನಿಯನ್ನು ಬಿಟ್ಟು ಅವನು ನಿನೆವೆಗೆ ಹೋದ. ಅದೇ 705ರಲ್ಲಿ, ಕಲ್ಹು ನಗರದ ನಬು-ಜುಕುಪ್-ಕೇನು ಎಂಬ ವಿದ್ವಾಂಸ ಗಿಲ್ಗಮೇಶ ಕಾವ್ಯದ ಹಲಗೆಯೊಂದನ್ನು ಪ್ರತಿ ಮಾಡಿ ತಾರೀಖು ಹಾಕಿದ. ಅರಸನ ಸಾವಿಗೂ ಈ ಪ್ರತಿಗೂ ಸಂಬಂಧವಿದೆಯೆಂದು ಜರ್ಮನ್ ವಿದ್ವಾಂಸ ಎಕಾರ್ಟ್ ಫ್ರಾಮ್ ವಾದಿಸಿದ್ದಾರೆ. ನಬು-ಜುಕುಪ್-ಕೇನು ಆರಿಸಿಕೊಂಡದ್ದು ಪ್ರಳಯವೂ ಯೌವನದ ಗಿಡವೂ ಇರುವ ಹನ್ನೊಂದನೆಯ ಹಲಗೆಯನ್ನಲ್ಲ. ಬಯಲಿನಲ್ಲಿ ಬಿದ್ದ ಹೆಣದ ಪ್ರೇತಕ್ಕೆ ಪಾತಾಳದಲ್ಲಿ ನೆಮ್ಮದಿಯಿಲ್ಲವೆಂದು ಹೇಳುವ ಹನ್ನೆರಡನೆಯದನ್ನು.